ಹೊಕ್ಕುಳ ಸರಿದಿರಲಿಲ್ಲ

ಮಧ್ಯಾಹ್ನ ಉಂಡು ಅಂಗಾತ ಮಲಗಿದ್ದೆ. ಹೊಟ್ಟೆಯ ಮೇಲಿಟ್ಟ ಕೈ ತಾನಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಹೊಕ್ಕುಳದ ಪಕ್ಕ ಏನೋ ಬಡಿದುಕೊಳ್ಳುತ್ತಿತ್ತು. ನೋವಿಲ್ಲ, ಜ್ವರವಿಲ್ಲ. ಕೂಡ್ಲಿಗಿ–ಕೊಟ್ಟೂರು ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ಆಯುಷ್ಯ ಕಳೆದ ನಾನು ಇಂಥದ್ದಕ್ಕೆಲ್ಲ ಹೆದರುವವನಲ್ಲ.

ಕೊಟ್ಟೂರಿನಲ್ಲಿರುವ ನಮ್ಮಕ್ಕನಿಗೆ ಹೇಳಿದೆ. ಹೊಕ್ಕುಳ ಸರಿದವರಿಗೆ ಹೊಟ್ಟೆ ತಿಕ್ಕಿ ಸರಿಮಾಡುವವಳು ಅವಳು. ಓಣಿಯವರಿಗೆ ಅವಳ ಕೈಗುಣದ ಮೇಲೆ ಬಹಳ ನಂಬಿಕೆ.

"ಹೊಕ್ಕಳ ಸರದೈತಿ ನಿಂದು. ಮಲಕ್ಕೋ," ಅಂದಳು. ಹರಳೆಣ್ಣೆ ಹಚ್ಚಿ ಹೆಬ್ಬೆರಳು ಊರಿ ತಿಕ್ಕಿದಳು. ವಾರವಾರವೂ ಹೋಗಿ ತಿಕ್ಕಿಸಿಕೊಂಡು ಬಂದೆ. ಬಡಿತ ಅಲ್ಲೇ ಇತ್ತು. ಕೊನೆಗೆ ನನ್ನ ಹೆಂಡತಿ ಹಟ ಹಿಡಿದು ಹೊಸಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿದಳು.

ಅಯೋರ್ಟಿಕ್ ಅನ್ಯೂರಿಸಮ್.

ಹೃದಯದಿಂದ ಇಳಿಯುವ ದೊಡ್ಡ ರಕ್ತನಾಳ ಹೊಟ್ಟೆಯಲ್ಲಿ ಊದಿಕೊಂಡಿದೆ, ಒಡೆದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. "ಹೊಟ್ಟಿ ಮ್ಯಾಲೆ ಒತ್ತಡ ಬೀಳಬಾರ್ದು, ನೋಡ್ರಿ."

ಜೊತೆಗೆ ಬಂದಿದ್ದ ಅಕ್ಕ ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತಳು. "ಕೈಯಾರೆ ಕೊಲ್ಲಾಕ ಹತ್ತಿದ್ನಲ್ಲೋ ನಿನ್ನ."

ಅಂದಿನಿಂದ ಅವಳು ಯಾರ ಹೊಟ್ಟೆಯನ್ನೂ ಮುಟ್ಟಲಿಲ್ಲ. ನನ್ನ ಹತ್ತಿರವೂ ಕೂರಲಿಲ್ಲ. ನಾನು ಹೋದರೆ ಆ ಪಾಪವನ್ನು ಅವಳು ಸಾಯುವತನಕ ಹೊರುತ್ತಾಳೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಸಾಯುವುದಿಲ್ಲ ಎಂದು ತೀರ್ಮಾನಿಸಿದೆ.

ಆಪರೇಷನ್ನಿಗೆಂದು ಹೋದ ಬೆಂಗಳೂರಿನಲ್ಲಿ ಇನ್ನೊಂದು ತೊಡಕು. ಬೀಡಿ ಸೇದಿ ಹಾಳಾದ ಶ್ವಾಸಕೋಶ ಹೊಟ್ಟೆ ಕೊಯ್ಯುವ ಆಪರೇಷನ್ನನ್ನು ತಾಳದು. ಊದಿದ ನಾಳಕ್ಕೆ ಒಳಗಿನಿಂದ ಆಸರೆಯಾಗುವ ಕೊಳವೆ, ಸ್ಟೆಂಟ್, ಅದನ್ನು ತೊಡೆಸಂದಿನಿಂದ ಕಳಿಸೋಣವೆಂದರೆ, ಎಕ್ಸ್-ರೇಯಲ್ಲಿ ದಾರಿ ಕಾಣಲು ರಕ್ತಕ್ಕೆ ಡೈ ಎಂಬ ಔಷಧಿ ಬಿಡಬೇಕು, ಬಿ.ಪಿ.ಯಿಂದ ಸೊರಗಿದ ನನ್ನ ಕಿಡ್ನಿಗೆ ಅದು ಆಗಿಬರದು.

"ಅಲ್ಟ್ರಾಸೌಂಡನ್ನೇ ರಕ್ತನಾಳದ ಒಳಗೆ ಕಳಿಸ್ತೀವಿ," ಅಂದರು ಸರ್ಜನ್. "ಸಣ್ಣ ಟ್ಯೂಬಿನ ತುದಿಯಲ್ಲಿರುತ್ತೆ. ಒಳಗಿನ ಅಳತೆ ಅದೇ ತೋರಿಸುತ್ತೆ. ಡೈ ತುಂಬಾ ಕಡಿಮೆ ಸಾಕು."

"ಗ್ಯಾರಂಟಿ ಐತೇನ್ರಿ?"

"ಗ್ಯಾರಂಟಿ ಕೊಡಲ್ಲ. ನನಗೆ ಧೈರ್ಯ ಇದೆ."

ನನಗೂ ಅಷ್ಟು ಸಾಕಾಯಿತು.

ಸೊಂಟದ ಕೆಳಗೆ ಮರಗಟ್ಟಿಸಿದರು. ನಾನು ಎಚ್ಚರವಾಗಿಯೇ ಇದ್ದೆ. ಸ್ಕ್ರೀನಿನಲ್ಲಿ ಬೂದುಬಣ್ಣದ ಉಂಗುರವೊಂದು ಹಿಗ್ಗುತ್ತ ಕುಗ್ಗುತ್ತ ಕಾಣಿಸಿತು. ಅದರ ಅಂಚಿನಲ್ಲಿ ಸಣ್ಣ ಬಾಯಿ ತೆರೆದಾಗ, "ಕಿಡ್ನಿಯ ನಾಳ ಇಲ್ಲಿದೆ. ಇದು ಮುಚ್ಚಬಾರದು, ಸ್ಟೆಂಟನ್ನ ಇದರ ಕೆಳಗೇ ಬಿಡಿ," ಅಂದರು ಸರ್ಜನ್. ಭಯವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರು ಕತ್ತಲಲ್ಲಿ ತಡಕಾಡುತ್ತಿಲ್ಲ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಮನಸ್ಸು ತಾನಾಗಿ ಹಿಡಿತಕ್ಕೆ ಬಂತು.

ಕಿಡ್ನಿ ಉಳಿಯಿತು. ನಾನೂ ಉಳಿದೆ.

ವರ್ಷಕ್ಕೊಮ್ಮೆ ಸ್ಕ್ಯಾನ್ ತಪ್ಪಿಸುವಂತಿಲ್ಲ, ಬೀಡಿ ಮುಟ್ಟುವಂತಿಲ್ಲ ಎಂದರು. ಎರಡಕ್ಕೂ ಒಪ್ಪಿದ್ದೇನೆ.

ವಾರ್ಡಿಗೆ ಬಂದ ಅಕ್ಕ ಬಾಗಿಲಲ್ಲೇ ನಿಂತಳು. "ಎಲ್ಲಿ ಕೊಯ್ದಾರ, ತೋರ್ಸು."

"ತೋರ್ಸೋ ಜಾಗದಾಗ ಕೊಯ್ದಿಲ್ಲಕ್ಕಾ."

ನರ್ಸ್ ನಕ್ಕಳು. ಅಕ್ಕ ನಗಲಿಲ್ಲ. ನಾನು ಅಂಗಿ ಎತ್ತಿದೆ. ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಹತ್ತಿರ ಕರೆದು ಅವಳ ಕೈ ಹಿಡಿದು ಅಲ್ಲಿಟ್ಟುಕೊಂಡೆ.

"ಬ್ಯಾಡೋ," ಅಂದಳು. ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ಕೊನೆಗೆ ಎಳೆಯುವುದನ್ನು ಬಿಟ್ಟಳು. ಒತ್ತದೆ, ಹಗುರವಾಗಿ, ಅಂಗೈ ಆಡಿಸಿದಳು.

"ಹೊಟ್ಟಿ ಖಾಲಿ ಐತಲ್ಲಲೇ," ಅಂದಳು. "ಇವ್ರು ನಿಂಗ ಉಣ್ಣಾಕ ಏನೂ ಕೊಟ್ಟಿಲ್ಲೇನು?"