ಕಾಫಿಗೆ ಮುಂಚಿನ ನೆರಳು

ಭಾನುವಾರದ ಪತ್ರಿಕೆಯ ಮೂಲೆಯಲ್ಲಿ ಮತ್ತೆ ಅದೇ ಲೆಕ್ಕ ಬಂದಿದೆ: ಮೂರು ಅಡಿ ಕೋಲಿನ ನೆರಳು ಇಷ್ಟು, ಮರದ ನೆರಳು ಅಷ್ಟು, ಹಾಗಾದರೆ ಮರದ ಎತ್ತರವೆಷ್ಟು? ನನಗೆ ಮೈಯೆಲ್ಲ ಉರಿಯುತ್ತದೆ. ಈ ಲೆಕ್ಕ ಬರೆಯುವ ಮಹಾಶಯರ ಲೋಕದಲ್ಲಿ ನೆಲ ಸದಾ ಸಮತಟ್ಟು, ಮರ ಸದಾ ನೆಟ್ಟಗೆ, ಮತ್ತು ಸಾಕ್ಷಾತ್ ಸೂರ್ಯನಾರಾಯಣ ವಿದ್ಯಾರ್ಥಿ ಉತ್ತರ ಬರೆದು ಮುಗಿಸುವವರೆಗೂ ಕೈಕಟ್ಟಿ ನಿಂತಿರುತ್ತಾನೆ. ಇಂಥ ಲೋಕವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಸೃಷ್ಟಿಸಿ ಸಂಬಳ ತೆಗೆದುಕೊಂಡವನು ನಾನೇ ಎಂಬುದನ್ನು ನಿಮ್ಮಲ್ಲಿ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದರಿಂದ ಸಿಟ್ಟೇನೂ ಕಡಿಮೆಯಾಗುವುದಿಲ್ಲ.

ಚನ್ನರಾಯಪಟ್ಟಣದ ನಮ್ಮ ಹಿತ್ತಲಲ್ಲಿ, ಗೃಹಪ್ರವೇಶದ ವರ್ಷ ನನ್ನ ಹೆಂಡತಿ ಸುಶೀಲ ನೆಟ್ಟ ತೆಂಗಿನ ಮರವೊಂದಿದೆ. ಖಾಲಿ ಸೈಟಿನಾಚೆಯ ಮನೆಯ ಗಂಗಾಧರ, ಕೊಬ್ಬರಿ ವ್ಯಾಪಾರಿ, ಒಂದು ಕಾಲದಲ್ಲಿ ನನ್ನದೇ ಶಿಷ್ಯ, ಮಹಡಿಗೆ ಹೊಸದಾಗಿ ಶೀಟು ಹಾಕಿಸಿದ. ಗಾಳಿಗೆ ಮರ ಬಿದ್ದರೆ ಶೀಟಿನ ಗತಿಯೇನು, ಕಡಿಸಿಬಿಡಿ ಎಂದು ವರಾತ ಹಚ್ಚಿದ. ತೆಂಗಿನಿಂದಲೇ ಮಹಡಿ ಕಟ್ಟಿದವನಿಗೆ ತೆಂಗಿನ ಮರದ ಭಯವೇ! ಮರದ ಬುಡದಿಂದ ಅವನ ಗೋಡೆಗೆ ಐವತ್ತೆರಡು ಅಡಿ. ಮರ ಅದಕ್ಕಿಂತ ಗಿಡ್ಡವಾಗಿದ್ದರೆ ಉಳಿಯಲಿ, ಎತ್ತರವಾಗಿದ್ದರೆ ಉರುಳಲಿ ಎಂದು ಇಬ್ಬರೂ ಒಪ್ಪಿದೆವು. ಅಳೆಯುವ ಅಧಿಕಾರ, ಗಣಿತದ ಮೇಷ್ಟ್ರಾದ ನನ್ನದು.

ಬೆಳಗ್ಗೆ ಟೇಪು ಹಿಡಿದು ಮರದ ನೆರಳನ್ನು ಅಳೆದೆ: ಐವತ್ತೆಂಟು ಅಡಿ. ಕೋಲು ನೆಡುವಷ್ಟರಲ್ಲಿ ಗಂಗಾಧರನ ಹೆಂಡತಿ ಕಾಫಿಗೆ ಕರೆದಳು. ನಮ್ಮ ಕಡೆ ಕರೆದು ಕೊಟ್ಟ ಕಾಫಿಯನ್ನು ನಿಂತು ಕುಡಿಯುವಂತಿಲ್ಲ. ಕೂರಬೇಕು, ಕೂತ ಮೇಲೆ ಮಕ್ಕಳ ಮದುವೆ, ಮಂಡಿನೋವು, ಹಾಸನದ ನೆಂಟರ ಕ್ಷೇಮ, ಎಲ್ಲವನ್ನೂ ವಿಚಾರಿಸಬೇಕು. ಅರ್ಧ ಗಂಟೆಯ ಮೇಲೆ ಎದ್ದು ಕೋಲು ನೆಟ್ಟೆ. ಮೂರಡಿ ಕೋಲಿಗೆ ಸರಿಯಾಗಿ ಮೂರಡಿ ನೆರಳು. ಆದ್ದರಿಂದ ಮರ ಐವತ್ತೆಂಟು ಅಡಿ ಎಂದು ತೀರ್ಪಿತ್ತು ಗಂಭೀರವಾಗಿ ಕನ್ನಡಕ ತೆಗೆದೆ. ಸುಶೀಲ ಅವತ್ತಿನಿಂದ ನನಗೆ ಸಾರು ಬಡಿಸಿದಳೇ ಹೊರತು ಮಾತಾಡಲಿಲ್ಲ.

ಕಡಿಯುವ ಮುನ್ನ ಕಾಯಿ ಇಳಿಸಲು ಬಾಗೂರಿನ ನಿಂಗಯ್ಯ ಬಂದ. ಮರ ಹತ್ತಿ, ಗೊನೆಯನ್ನು ಹಗ್ಗ ಕಟ್ಟಿ ಕೆಳಗಿಳಿಸಿ, ತಾನೂ ಇಳಿದು ಹಗ್ಗ ಸುತ್ತುತ್ತ, “ಐವತ್ತೆಂಟು ಅಂದ್ರಂತಲ್ಲ ಸಾ? ನನ್ ಅಗ್ಗ ಇರೋದೇ ನಲವತ್ತೈದಡಿ. ಗೊನೆ ನೆಲ ಮುಟ್ಟುದ್ಮ್ಯಾಲೂ ಕೈಲಿ ಒಂದ್ ಮಾರು ಉಳ್ಕಂತು” ಅಂದ.

ಒಂದು ಮಾರೆಂದರೆ ಆರಡಿ. ಅದನ್ನು ಕಳೆದು, ಗೊನೆಯ ಮೇಲಿನ ಸುಳಿಗೆಂದು ಇನ್ನೈದು ಅಡಿ ಸೇರಿಸಿದರೂ ಮರ ನಲವತ್ತೈದನ್ನು ದಾಟುವುದಿಲ್ಲ. ನಾನು ಕೂತು ಕಾಫಿ ಕುಡಿಯುತ್ತಿದ್ದಾಗ ಸೂರ್ಯ ಕೂತಿರಲಿಲ್ಲ, ಏರುತ್ತಿದ್ದ. ಕಾಫಿಗೆ ಮುಂಚಿನ ಉದ್ದ ನೆರಳಿಗೆ ಕಾಫಿಯ ನಂತರದ ಗಿಡ್ಡ ನೆರಳನ್ನು ಸಾಕ್ಷಿ ನಿಲ್ಲಿಸಿ, ನಿರಪರಾಧಿಗೆ ಮರಣದಂಡನೆ ವಿಧಿಸಿದ್ದೆ. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ನೇರವಾಗಿ ಗಂಗಾಧರನ ಜಗಲಿಗೆ ಹೋಗಿ, ಬೇಕಂತಲೇ ಕೂರಿಸಿ ಹೊತ್ತು ಕಳೆದೆಯಾ ಎಂದು ಗದರಿದೆ.

“ಕಾಫಿ ಕೊಟ್ಟಿದ್ದು ಮರ್ವಾದೆಗೆ ಸಾ. ತಪ್ಪು ನೀವೇ ಮಾಡುದ್ರಿ, ನಾನು ಸುಮ್ಕೆ ನೋಡ್ತಾ ಕುಂತಿದ್ದೆ. ಒಂಬತ್ನೇ ಕ್ಲಾಸಲ್ಲಿ ನಾನೊಂದ್ ಪ್ರಶ್ನೆ ಕೇಳಿದ್ದೆ, ಗ್ಯಾಪ್ಕ ಐತಾ?”

ಜ್ಞಾಪಕ ಬಂತು. ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿದ್ದಾಗ, ಎರಡು ನೆರಳನ್ನೂ ಯಾವ ಯಾವ ಹೊತ್ತಿನಲ್ಲಿ ಅಳೆದರು ಎಂದು ಹಿಂದಿನ ಸಾಲಿನಿಂದ ಕೇಳಿದ್ದ. ಅಧಿಕಪ್ರಸಂಗಿ ಎಂದು ಪೀರಿಯಡ್ ಮುಗಿಯುವವರೆಗೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅಲ್ಲಿಯವರೆಗೆ ಕಂಡವರ ಮೇಲೆಲ್ಲ ಧಾರಾಳವಾಗಿ ಹರಿಯುತ್ತಿದ್ದ ನನ್ನ ಕ್ರೋಧ ಆಗ ನನ್ನ ಕಡೆಗೇ ತಿರುಗಿತು. ನಾಚಿಕೆಯಾಯಿತು.

“ಮರ ಇರ್ಲಿ ಬುಡಿ ಸಾ. ಅವತ್ತಿನ್ ಉತ್ತರ ಯೋಳ್ಬುಟ್ಟು ಓಗಿ” ಅಂದ. ಅವನು ಕೂತೇ ಇದ್ದ. ನಾನು ನಿಂತುಕೊಂಡು, “ಎರಡನ್ನೂ ಒಂದೇ ಹೊತ್ತಿಗೆ ಅಳೀಬೇಕು ಕಣಪ್ಪ” ಎಂದೆ.

ಇಂದಿನ ಪತ್ರಿಕೆಯ ಲೆಕ್ಕದಲ್ಲೂ ಹೊತ್ತಿನ ಸುದ್ದಿಯಿಲ್ಲ. ಸಂಪಾದಕರಿಗೆ ಖಾರವಾದ ಪತ್ರವೊಂದನ್ನು ಬರೆದು ಮುಗಿಸಿದ್ದೇನೆ. ಆದರೆ ಪ್ರಶ್ನೆಯನ್ನು ಮೊದಲು ಕೇಳಿದವನು ನಾನಲ್ಲ. ಆದ್ದರಿಂದ ಕೆಳಗೆ ಗಂಗಾಧರನ ಹೆಸರು ಬರೆದು, ಅವನ ಸಹಿ ಹಾಕಿಸಲು ಹೊರಟಿದ್ದೇನೆ. ಕಾಫಿ ಕೊಟ್ಟರೆ ಕೂತೇ ಕುಡಿಯುತ್ತೇನೆ.