ದರ್ಜಿ ಕಲೀಮುಲ್ಲಾ ಗಿಟಾರ್ ಕಲಿತದ್ದು

ಅರವತ್ತು ದಾಟಿದ ಮೇಲೆ ಗಿಟಾರ್ ಕಲಿಯಲು ಕೂತವನಿಗೆ ಜನ ಏನನ್ನುತ್ತಾರೋ ಅದನ್ನೇ ರಾಯಚೂರಿನ ಬಜಾರಿನವರೂ ಅಂದರು. ದರ್ಜಿ ಕಲೀಮುಲ್ಲಾ ತಲೆ ಕೆಡಿಸಿಕೊಳ್ಳಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ, ಹೊಲಿಗೆ ಮಷೀನಿನ ಮೇಲೆ ಝೆರಾಕ್ಸ್ ಹಾಳೆಯೊಂದನ್ನು ಹರಡಿ, ಕನ್ನಡಕ ಏರಿಸಿ, ಬೆರಳುಗಳನ್ನು ಒಂದೊಂದಾಗಿ ತಂತಿಯ ಮೇಲೆ ಕೂರಿಸುತ್ತಿದ್ದ. ಆಮೇಲೆ ಹೊರಡುತ್ತಿದ್ದ ಸದ್ದಿಗೆ ಪಕ್ಕದ ಚಪ್ಪಲಿ ಅಂಗಡಿಯ ವಲಿ ಪಾಷಾ ತನ್ನ ರೇಡಿಯೊದ ದನಿ ಏರಿಸಿಬಿಡುತ್ತಿದ್ದ.

ಗಿಟಾರ್ ಕಲೀಮುಲ್ಲಾನದಲ್ಲ, ಮಾನ್ವಿಯ ಅಯ್ಯಣ್ಣನದು.

ಇಬ್ಬರೂ ಒಂದು ಕಾಲಕ್ಕೆ ಒಂದೇ ಆರ್ಕೆಸ್ಟ್ರಾದಲ್ಲಿದ್ದರು. ಕಲೀಮುಲ್ಲಾ ಹಾಡುತ್ತಿದ್ದ, ಅಯ್ಯಣ್ಣ ಗಿಟಾರ್ ಬಾರಿಸುತ್ತಿದ್ದ. ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕ ಮೇಲೂ ಅಯ್ಯಣ್ಣ ಮದುವೆ ಸೀಸನ್ ಬಂತೆಂದರೆ ಮಟಾಡೋರ್ ವ್ಯಾನು ಏರಿ ಹೊರಟೇಬಿಡುತ್ತಿದ್ದ. ಒಮ್ಮೆ ದೇವದುರ್ಗದ ಮದುವೆಯಲ್ಲಿ ಹಾಡಿನ ನಡುವೆಯೇ ಕರೆಂಟು ಹೋಯಿತು. ಮೈಕು, ಕೀಬೋರ್ಡು ಎಲ್ಲ ಬಾಯಿ ಮುಚ್ಚಿದವು. ಅಯ್ಯಣ್ಣ ಮಾತ್ರ ನಿಲ್ಲಿಸಲಿಲ್ಲ. ಅವನ ಬೆರಳು ನೋಡುತ್ತ ಕಲೀಮುಲ್ಲಾ ಗಂಟಲು ಹರಿಯುವಂತೆ ಹಾಡಿದ. ಊಟಕ್ಕೆ ಕೂತಿದ್ದ ಬೀಗರು ಎಲೆ ಬಿಟ್ಟು ಎದ್ದು ಬಂದು ಪೆಂಡಾಲಿನ ಮುಂದೆ ನೆಲದ ಮೇಲೆ ಕೂತರು. ಅಂಥ ದಿನ ಮತ್ತೆ ಬರಲಿಲ್ಲ ಎಂದು ಕಲೀಮುಲ್ಲಾ ಈಗಲೂ ಹೇಳುತ್ತಾನೆ, ಕೇಳುವವರು ಇರಲಿ ಬಿಡಲಿ. ಡಿಜೆ ಬಂತು, ಆರ್ಕೆಸ್ಟ್ರಾ ಕೂತುಹೋಯಿತು. ಸ್ನೇಹ ಉಳಿಯಿತು.

ಹೋದ ವರ್ಷ ಅಯ್ಯಣ್ಣನಿಗೆ ಲಕ್ವಾ ಹೊಡೆಯಿತು. ಮಾತು ತೊದಲುತ್ತಾದರೂ ಬಂತು, ಕಾಲೂ ತಕ್ಕಮಟ್ಟಿಗೆ ಬಂತು, ಎಡಗೈ ಬರಲಿಲ್ಲ. ಶುಕ್ರವಾರ ನಮಾಜು ಮುಗಿಸಿ ಕಲೀಮುಲ್ಲಾ ಮಾನ್ವಿ ಬಸ್ಸು ಹತ್ತುತ್ತಿದ್ದ. ಹೋದರೆ ಅಯ್ಯಣ್ಣ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಹೂಂ ಇಲ್ಲ, ಹಾಂ ಇಲ್ಲ. ಬಾಯಿ ತೆರೆದರೆ ಊರನ್ನೆಲ್ಲ ನಗಿಸುತ್ತಿದ್ದ ಮನುಷ್ಯ! ಒಂದು ಶುಕ್ರವಾರ ಹೆಂಡತಿ ಯಮನಮ್ಮನನ್ನು ಕರೆದು, "ಆ ಗಿಟಾರ್ ಯಾರಿಗಾರ ಕೊಟ್ಟಬಿಡು. ನನ್ನ ಕಣ್ಣಿಗಿ ಬೀಳಬಾರ್ದು" ಎಂದ. ಯಮನಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಗಿಟಾರ್ ಮನೆ ಬಿಟ್ಟ ದಿನ ಗೆಳೆಯನೂ ಪೂರ್ತಿ ಕೈತಪ್ಪಿ ಹೋಗುತ್ತಾನೆ ಎಂದು ಕಲೀಮುಲ್ಲಾನಿಗೆ ಅನ್ನಿಸಿತು.

"ಕೊಡೂದಾದ್ರ ಹಿಂಗ ಕೊಡ್ತಾರೇನವಾ? ಕವರ್ ನೋಡು, ಎಷ್ಟ ಹರದದ. ನಾ ಒಯ್ದು ಹೊಸಾದು ಹೊಲಕೊಂಡು ಬರ್ತೀನಿ" ಎಂದು ಪಡಸಾಲೆಯಲ್ಲಿ ಅವಳಿಗೆ ಮೆಲ್ಲಗೆ ಹೇಳಿ, ಅಯ್ಯಣ್ಣನಿಗೆ ಕಾಣದಂತೆ ಅದನ್ನು ಎತ್ತಿಕೊಂಡು ಬಂದ.

ಕವರ್ ಒಂದು ಮಧ್ಯಾಹ್ನದ ಕೆಲಸ. ಅವನ ತಲೆಯಲ್ಲಿದ್ದದ್ದು ಬೇರೆ. ಮಗಳು ತಹಸೀನ್‌ಗೆ ಹೇಳಿದ, ಫೋನಿನಲ್ಲಿ ಗಿಟಾರ್ ಕಲಿಸುವ ಚಿತ್ರಗಳು ಸಿಗುತ್ತವಂತೆ, ಹುಡುಕಿ ಕೊಡು ಎಂದು.

"ಕಾಯ್ಕು ಅಬ್ಬಾ?" ಯಾಕಪ್ಪಾ ಎಂದು ಕೇಳಿದಳು ಅವಳು, ನಗು ತಡೆದುಕೊಂಡು.

"ಅವನ ಒತ್ತೋ ಕೈ ಹೋಗ್ಯದ, ಬಾರಸೋ ಕೈ ಇನ್ನಾ ಅದ. ಒತ್ತೋದು ನಾ ಕಲೀತೀನಿ."

ಮಗಳು ಆಮೇಲೆ ನಗಲಿಲ್ಲ. ಹಾಳೆ ಮಾಡಿಸಿ ತಂದುಕೊಟ್ಟಳು, ತಂತಿಗಳ ಶ್ರುತಿಯನ್ನೂ ಫೋನು ನೋಡಿ ಕೂಡಿಸಿದಳು.

ಹಾಳೆಯ ತುಂಬ ಚೌಕಾಬಾರದ ಮನೆಗಳಂಥ ಚಿತ್ರಗಳು, ಒಂದೊಂದೂ ಒಟ್ಟಿಗೆ ಹೊರಡಿಸುವ ಸ್ವರಗಳ ಒಂದು 'ಕಾರ್ಡ್'. ಒಂದೊಂದಕ್ಕೂ ಆರು ನಿಂತ ಗೆರೆ, ಅವು ಆರು ತಂತಿ. ಅಡ್ಡ ಗೆರೆಗಳ ನಡುವಿನದು ಒಂದೊಂದು ಮನೆ. ಮನೆಯಲ್ಲಿ ಕಪ್ಪು ಚುಕ್ಕೆ ಇದ್ದರೆ ಅಲ್ಲಿ ಬೆರಳು. ಗೆರೆಯ ನೆತ್ತಿಗೆ ಸೊನ್ನೆ ಇದ್ದರೆ ತಂತಿಯನ್ನು ಒತ್ತದೆ ಬಾರಿಸಬೇಕು, ಕತ್ತರಿ ಗುರುತಿದ್ದರೆ ಮುಟ್ಟಲೇಬಾರದು. ಇಷ್ಟೇನಾ ಎನ್ನಿಸಿತು ದರ್ಜಿಗೆ. ಅಂಗಿಯ ಗುಂಡಿಗೆ ಸೀಮೆಸುಣ್ಣದ ಗುರುತು ಹಾಕುತ್ತಲೇ ಬಾಳು ಕಳೆದವನಲ್ಲವೇ! ಆದರೆ ಗುಂಡಿ ಹಚ್ಚುವಾಗ ಮೂರು ಬೆರಳು ಮೂರು ಕಡೆ ಹೋಗುವುದಿಲ್ಲ. ಉಂಗುರದ ಬೆರಳು ಸೊಟ್ಟಗೆ ತಿರುಗಿ ಪಕ್ಕದ ತಂತಿಯನ್ನೂ ಅಮುಕುತ್ತಿತ್ತು. ಸೂಜಿ ಚುಚ್ಚಿ ದಡ್ಡುಗಟ್ಟಿದ ಬೆರಳಿಗೂ ಬೊಬ್ಬೆ ಬಂತು. ಇಷ್ಟು ವರ್ಷ ಕಣ್ಣೆದುರೇ ಕುಣಿದ ಅಯ್ಯಣ್ಣನ ಬೆರಳುಗಳನ್ನು ತಾನು ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ.

ಬೆರಳುಗಳೇನೋ ಕೊನೆಗೆ ಚುಕ್ಕೆಗೆ ಸರಿಯಾಗಿ ಕೂತವು. ಸದ್ದು ಮಾತ್ರ ಕೂರಲಿಲ್ಲ, ತಗಡು ಎಳೆದಂತೆಯೇ ಇತ್ತು. ಹೊಸಬನ ಕೈ, ಹೀಗೇ ಇರಬೇಕು ಎಂದುಕೊಂಡ. ಅತ್ತ ಮಾನ್ವಿಯಿಂದ ಯಮನಮ್ಮ ಫೋನು ಮಾಡಿ, "ಅಣ್ಣಾ, ಇವ್ರು ದಿನಾ ಕೇಳಾಕತ್ತಾರ, ಗಿಟಾರ್ ಯಾರಿಗಿ ಕೊಟ್ಟಿ ಅಂತ. ನಾ ಏನ್ ಹೇಳ್ಲಿ?" ಎಂದಳು. ಇನ್ನು ತಡೆದರೆ ಆಗದೆಂದು ಮುಂದಿನ ಶುಕ್ರವಾರ ಗಿಟಾರ್ ಹೆಗಲಿಗೇರಿಸಿ ಬಸ್ಸು ಹತ್ತಿದ.

ಅಯ್ಯಣ್ಣ ಗೋಡೆ ಕಡೆಗೇ ಇದ್ದ. ಕಲೀಮುಲ್ಲಾ ಮಂಚದ ಪಕ್ಕ ಕುರ್ಚಿ ಎಳೆದು ಕೂತು, ಹಾಳೆ ಹರಡಿ, ಮೊದಲ ಚಿತ್ರ ನೋಡಿ ಬೆರಳಿಟ್ಟು, ಬಿಸ್ಮಿಲ್ಲಾ ಎಂದು ಬಾರಿಸಿದ.

ಗೋಡೆ ಕಡೆಯ ತಲೆ ತಟ್ಟನೆ ತಿರುಗಿತು.

"ಏನಲೇ ಅದು?"

"ಸೀ ಕಾರ್ಡ್."

"ನಿನ್ನ ತಲಿ! ತಾ ಇಲ್ಲಿ ಹಾಳಿ." ಬಲಗೈಯಿಂದ ಹಾಳೆ ಕಸಿದುಕೊಂಡು ಅದನ್ನೊಮ್ಮೆ, ಬೆರಳುಗಳನ್ನೊಮ್ಮೆ ನೋಡಿದ. "ಮೊದಲ್ನೇ ಗೆರಿ ಯಾವುದು ಹಿಡದೀ?"

ಕಲೀಮುಲ್ಲಾ ಬಲಗಡೆಯ ಗೆರೆ ತೋರಿಸಿದ. ಉರ್ದು ಶಾಲೆಯಲ್ಲಿ ಕಲಿತವನು, ಬೆಳಗಾದರೆ ಉರ್ದು ಪೇಪರ್ ಓದುವವನು. ಹಾಳೆ ಕೈಗೆ ಬಂದರೆ ಬಲದಿಂದಲೇ ಶುರು. ಮೇಲಿನ ದಪ್ಪ ತಂತಿಗೆ ಬಲಗಡೆಯ ಗೆರೆ ಎಂದು ಹಿಡಿದು, ಇಷ್ಟು ದಿನವೂ ಎಲ್ಲವನ್ನೂ ಉಲ್ಟಾ ಒತ್ತಿದ್ದ.

ಅಯ್ಯಣ್ಣನಿಗೆ ನಗು ಬಂತು. ಸೊಟ್ಟಾದ ಬಾಯಿಂದ, ಹಾಸಿಗೆ ಅಲ್ಲಾಡುವಂತೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಉರ್ದು ಪೇಪರ್ ಓದಿದಂಗ ಓದೀಯಲ್ಲಲೇ! ದಪ್ಪ ತಂತಿ ಎಡಕ್ಕದ, ಎಡಕ್ಕ!" ಒಳಗಿಂದ ಓಡಿಬಂದ ಯಮನಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಗಂಡ ನಗುವುದನ್ನು ಅವಳು ಎಷ್ಟೋ ತಿಂಗಳ ಮೇಲೆ ಕೇಳುತ್ತಿದ್ದಳು.

"ಬೆರಳು ಬದಲಿ ಇಡು. ಹಂಗಲ್ಲ. ಕೊಡಿಲ್ಲಿ ನನ್ನ ತೊಡಿಮ್ಯಾಲ, ತೋರಸ್ತೀನಿ."

ಯಮನಮ್ಮ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಗಿಟಾರ್ ಅಯ್ಯಣ್ಣನ ತೊಡೆಗೆ ಬಂತು. ಕಲೀಮುಲ್ಲಾ ಅವನ ಎಡಮಗ್ಗುಲಿಗೆ ಒತ್ತಿ ಕೂತು ತಂತಿ ಒತ್ತಿದ. ಅಯ್ಯಣ್ಣನ ಬಲಗೈ ಸ್ವಲ್ಪ ಹೊತ್ತು ತಂತಿಯ ಮೇಲೆ ಸುಮ್ಮನೆ ನಿಂತಿತು. ಆಮೇಲೆ ಮೆಲ್ಲಗೆ ಇಳಿಯಿತು. ಆರ್ಕೆಸ್ಟ್ರಾದ ಆ ಹಳೇ ಸದ್ದು ಮನೆ ತುಂಬಿತು.

ಒಂದು ಚಿತ್ರದಿಂದ ಇನ್ನೊಂದಕ್ಕೆ ಬೆರಳು ಬದಲಿಸುವಷ್ಟರಲ್ಲಿ ಚಹಾ ಆರುತ್ತಿತ್ತು. ಅಯ್ಯಣ್ಣ ಬೈಯುತ್ತಲೇ ಕಾದ. ಹೊತ್ತು ಇಳಿದದ್ದು ಯಾರಿಗೂ ತಿಳಿಯಲಿಲ್ಲ. ಹೊರಗೆ ಹಾರ್ನ್ ಕೇಳಿದಾಗ ಕಲೀಮುಲ್ಲಾ ಗಡಬಡಿಸಿ ಎದ್ದ.

"ಬಸ್ ಹೋಗ್ತದಪಾ, ಬರ್ತೀನಿ."

ಅಯ್ಯಣ್ಣ ಅವನ ಅಂಗಿಯ ತುದಿ ಹಿಡಿದ. "ನನ್ನ ಎಡಗೈ ರಾಯಚೂರಿಗಿ ಹೋದ್ರ ನಾ ಹೆಂಗ ಬಾರಸ್ಲಿ?"

ಕಲೀಮುಲ್ಲಾ ಮರಳಿ ಕೂತ. ಯಮನಮ್ಮ ಇನ್ನೊಬ್ಬರಿಗೆ ರೊಟ್ಟಿ ಬಡಿಯಲು ಒಳಗೆ ಹೋದಳು.