ನಾಲಾದ ಮೇಲಿನ ಐದನೇ ಕಲ್ಲು

ಹಳೇ ಹುಬ್ಬಳ್ಳಿಯಲ್ಲಿ ಕಲ್ಲು ಕೆತ್ತುವ ಗೌಸಮೊದ್ದೀನನಿಗೆ ಒಂದು ಸಾಲು ಕಣ್ಣು ಮುಚ್ಚಿಕೊಂಡೂ ಕೆತ್ತಲು ಬರುತ್ತಿತ್ತು: 'ನಾಲಾ ಸೇತುವೆ ಕಾಮಗಾರಿಯ ಶಂಕುಸ್ಥಾಪನೆ'. ಇಪ್ಪತ್ತು ವರ್ಷಗಳಲ್ಲಿ ನಾಲ್ಕು ಸಲ ಕೆತ್ತಿದ್ದ. ಕೆಳಗಿನ ಹೆಸರು ಬದಲಾಗುತ್ತಿತ್ತು, ಅಮೃತಹಸ್ತ ಬದಲಾಗುತ್ತಿತ್ತು, ನಾಲಾ ಮಾತ್ರ ಅದೇ ನಾಲಾ, ಅದೇ ನಾತ. ಚುನಾವಣೆ ಹತ್ತಿರ ಬಂದಾಗ ಒಬ್ಬರು ತೆಂಗಿನಕಾಯಿ ಒಡೆದು ಕಲ್ಲು ನಿಲ್ಲಿಸುವುದು, ಗೆದ್ದು ಬಂದ ಇನ್ನೊಬ್ಬರು ಅದನ್ನು ಕೀಳಿಸಿ ಒಗೆಯುವುದು. ಕೈಯಾರೆ ಕೆತ್ತಿದ ಅಕ್ಷರ ಕೊಚ್ಚೆಗೆ ಬೀಳುವುದನ್ನು ನೋಡಲಾಗದೆ ಗೌಸಮೊದ್ದೀನ ಪ್ರತಿ ಸಲವೂ ಕೈಗಾಡಿ ತಂದು ಕಲ್ಲನ್ನು ಮನೆಗೊಯ್ದು ಹಿತ್ತಲ ಗೋಡೆಗೆ ಆನಿಸಿಡುತ್ತಿದ್ದ.

"ಊರಾಗಿನ ಮಾಜಿಗೋಳೆಲ್ಲಾ ನಮ್ಮ ಹಿತ್ತಲದಾಗ ಅದಾರ" ಎಂದು ಹೆಂಡತಿ ಹಾಜರಾಬಿ ನಗುತ್ತಿದ್ದಳು.

ನಾಲಾ ಹತ್ತಡಿ ಅಗಲ. ದಾಟಲು ಓಣಿಯವರೇ ಅಡ್ಡ ಹಾಕಿದ ಎರಡು ಹಳೆಯ ಲೈಟಿನ ಕಂಬಗಳಿದ್ದವು. ಒಂದರ ಮೇಲೊಂದು ಕಾಲು, ಇನ್ನೊಂದರ ಮೇಲೊಂದು ಕಾಲು ಇಟ್ಟು, ಅವರವರ ದೇವರ ಹೆಸರು ಹೇಳುತ್ತ ದಾಟಬೇಕು. ಆಚೆ ದಂಡೆಯ ದಾನವ್ವ ರೊಟ್ಟಿ ಬಡಿದು ಬದುಕುವವಳು. ದಿನಾ ಮುಂಜಾನೆ ನೂರು ಜೋಳದ ರೊಟ್ಟಿ ಬುಟ್ಟಿಯಲ್ಲಿ ಹೊತ್ತು ಈಚೆ ಬಂದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಒಂದು ಮಳೆಯ ದಿನ ಕಾಲು ಜಾರಿ ಬುಟ್ಟಿ ಸಮೇತ ನಾಲಾಕ್ಕೆ ಬಿದ್ದಳು. ಕಾಲು ಮುರಿಯಿತು, ರೊಟ್ಟಿ ತೇಲಿ ಹೋದವು, ವ್ಯಾಪಾರ ನಿಂತಿತು.

ನೋಡಲು ಹೋದ ಗೌಸಮೊದ್ದೀನ ಆಕೆಯ ಪ್ಲಾಸ್ಟರಿನ ಕಾಲು ಕಂಡ. ಹಿಂದೆಮುಂದೆ ನೋಡದೆ ಅಂದುಬಿಟ್ಟ:

"ಅಕ್ಕಾ, ನಿನ್ನ ಪ್ಲಾಸ್ಟರ್ ಬಿಚ್ಚೂದ್ರಾಗ ದಾಟಾಕ ಛಲೋ ದಾರಿ ಮಾಡಿಕೊಡ್ತೇನಿ."

ದಾನವ್ವ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಯಾವ ಪಾರ್ಟಿಯಿಂದ ನಿಂತೀಯೋ ತಮ್ಮಾ? ಗುರ್ತು ಏನು, ಉಳಿಯೋ, ಸುತ್ತಿಗಿಯೋ?"

ಆ ಮಾತು ನೆಟ್ಟಗೆ ಎದೆಗೆ ನಾಟಿತು. ನಾಲ್ವರ ಸುಳ್ಳನ್ನು ಕಲ್ಲಿನಲ್ಲಿ ಬರೆದವನು ತಾನು. ಐದನೆಯ ಸುಳ್ಳು ತನ್ನದೇ ಆದರೆ ಓಣಿಯಲ್ಲಿ ಮುಖ ಎತ್ತಿಕೊಂಡು ಓಡಾಡುವುದು ಹೇಗೆ?

ಮರುದಿನ ಹಿತ್ತಲಲ್ಲಿ ಟೇಪು ಹಿಡಿದ. ಒಂದೊಂದು ಕಲ್ಲು ಮೂರಡಿ ಉದ್ದ, ಎರಡಡಿ ಅಗಲ. ಕಂಬಗಳ ಮೇಲೆ ಅಡ್ಡಡ್ಡ ಹಾಸಿದರೆ ನಾಲ್ಕು ಕಲ್ಲಿಗೆ ಎಂಟಡಿ. ಇನ್ನೆರಡಡಿ ಕಡಿಮೆ! ಕುಂಟುವ ಕಾಲಿಗೆ ಎರಡಡಿ ಸಂದೆಂದರೆ ಸಮುದ್ರ. ಅಂಗಡಿಯಲ್ಲಿದ್ದವು ಗೋರಿಗೆಂದು ತಂದ ಕಲ್ಲುಗಳು, ಅವುಗಳ ಮೇಲೆ ಜನರನ್ನು ನಡೆಸುವಷ್ಟು ಪಾಪಿ ಅವನಲ್ಲ. ಬೇರೆ ಕಲ್ಲು ಕೊಂಡು ತರಬಹುದಿತ್ತು. ಆದರೆ ಹಟ ಎನ್ನುವುದೊಂದಿದೆಯಲ್ಲ! ಅವರು ಹೇಳಿದ ಸೇತುವೆ ಅವರ ಕಲ್ಲಿನಿಂದಲೇ ಆಗಬೇಕು. ಪಾಲಿಕೆ ಚುನಾವಣೆ ಬಾಗಿಲಿಗೆ ಬಂದಿದೆ, ಐದನೆಯದು ಬಂದೇ ಬರುತ್ತದೆ.

ಹೀಗೆ ಆಶ್ವಾಸನೆ ಎಂದರೆ ಮೂಗು ಮುರಿಯುತ್ತಿದ್ದ ಮನುಷ್ಯ ಆಶ್ವಾಸನೆಯ ದಾರಿ ಕಾಯುತ್ತ ಕುಳಿತ. ಮೂರು ವಾರವಾದರೂ ಯಾರೂ ಬರಲಿಲ್ಲ. ಒಬ್ಬ ಮೆಟ್ರೋ ಓಡಿಸುತ್ತೇನೆಂದ, ಇನ್ನೊಬ್ಬ ಓಣಿಯನ್ನೇ ಸಿಂಗಾಪುರ ಮಾಡುತ್ತೇನೆಂದ. ನಾಲಾದ ಸುದ್ದಿಯೇ ಇಲ್ಲ.

"ಯಾವಾಗಲೂ ಹೇಳೂ ಸುಳ್ಳು ಈ ಸಲ ಹೇಳಾಕ ಏನು ಧಾಡಿ ಆಗೇತಿ ಇವರಿಗೆ?" ಎಂದು ಹೆಂಡತಿಯ ಮುಂದೆ ಸಿಡಿಮಿಡಿಗೊಂಡ.

ಕೊನೆಗೆ ಕಾರ್ಪೊರೇಟರ್ ಅರ್ಜುನಪ್ಪನ ಕಡೆಯ ಪ್ರಬುದ್ಧ ಎಂಬ ಹುಡುಗ ಬೈಕಿನಲ್ಲಿ ಏದುಸಿರು ಬಿಡುತ್ತ ಬಂದ. "ಕಾಕಾ, ನಾಡದು ನೀತಿ ಸಂಹಿತೆ ಜಾರಿ ಆಗ್ತೈತ್ರಿ. ನಾಳೆ ಮುಂಜಾನೆ ನಾಲಾ ಸೇತುವಿ ಪೂಜಾ. ತೆಳ್ಳಂದೊಂದು ಕಲ್ಲು ಸಾಕ್ರಿ, ಸಾಹೇಬ್ರ ಹೆಸರು ಮಾತ್ರ ದೊಡ್ಡದಿರ್ಲಿ."

ಗೌಸಮೊದ್ದೀನನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. "ತೆಳ್ಳಂದು ಬ್ಯಾಡ್ರಿ. ಅಷ್ಟು ದೊಡ್ಡ ಹೆಸರಿನ ಭಾರ ತಡೀಬೇಕಲ್ಲ? ದಪ್ಪಂದ ಹಾಕ್ತೇನಿ. ಮೂರಡಿ, ಎರಡಡಿ."

ಪ್ರಬುದ್ಧ ಹಿಗ್ಗಿ ಹೋದ.

ಪೂಜೆ ಆಯಿತು, ಪೇಢೆ ಹಂಚಿದರು, ಫೋಟೋ ತೆಗೆದರು. ಮರುದಿನ ಪಾಲಿಕೆಯವನೊಬ್ಬ ಹಳೆಯ ಪೇಪರು, ಅಂಟು ತೆಗೆದುಕೊಂಡು ಬಂದ. ಚುನಾವಣೆ ಮುಗಿಯುವವರೆಗೆ ಅರ್ಜುನಪ್ಪನ ಹೆಸರು ಮುಚ್ಚಬೇಕಂತೆ.

"ಪೇಪರ್ ಮಳಿಗೆ ಹರದು ಹೋಗ್ತೈತ್ರಿ" ಎಂದ ಗೌಸಮೊದ್ದೀನ. "ಹೆಸರು ಯಾರ ಕಣ್ಣಿಗೂ ಬೀಳದಂಗ ಮಾಡಿದ್ರ ಆತಿಲ್ರಿ?"

"ಆತಪಾ. ನನಗ ಅಷ್ಟ ಬೇಕು."

ಸಂಜೆಯೊಳಗೆ ಓಣಿಯವರು ಕೈಜೋಡಿಸಿ, ಹೊಸ ಕಲ್ಲನ್ನೂ ಕಿತ್ತು, ಐದೂ ಕಲ್ಲುಗಳನ್ನು ಕಂಬಗಳ ಮೇಲೆ ಹಾಸಿದರು. ಪಾಲಿಶಿನ ಬದಿ ಜಾರುತ್ತದೆಂದು ಅದನ್ನು ಕೆಳಗೆ ಮಾಡಿ, ಒರಟು ಬೆನ್ನನ್ನು ಮೇಲೆ ಮಾಡಿದರು. ಐದೂ ಅಮೃತಹಸ್ತಗಳು ಗಟಾರದ ಕಡೆ ಮುಖ ಮಾಡಿ ಮಲಗಿದವು. ಗೌಸಮೊದ್ದೀನ ಸಂದುಗಳಿಗೆ ಸಿಮೆಂಟು ಮೆತ್ತಿದ.

ಪ್ಲಾಸ್ಟರ್ ಬಿಚ್ಚಿದ ಮರುದಿನ ದಾನವ್ವ ಕೋಲೂರಿಕೊಂಡು ಬಂದಳು. ಒಂದೊಂದು ಕಲ್ಲನ್ನೂ ಕೋಲಿನಿಂದ ಕುಟ್ಟಿ ನೋಡಿದಳು. ಐದನೆಯದನ್ನು ಎರಡು ಸಲ ಕುಟ್ಟಿದಳು. ದಾಟಿ ಬಂದು ಅವನ ಕೈಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟಳು. ಕಣ್ಣು ತುಂಬಿದ್ದವು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಆಡಿದ ಮಾತು ಉಳಿಸಿಕೊಂಡಿ ತಮ್ಮಾ. ನೀ ಇಲೆಕ್ಷನ್ನಿಗೆ ಏನೂ ಉಪಯೋಗ ಇಲ್ಲ ಬಿಡು."

ಅರ್ಜುನಪ್ಪ ಗೆದ್ದ. ಕೃತಜ್ಞತೆ ಹೇಳಲು ಹಾರ ಹಾಕಿಕೊಂಡು ಬಂದವನು ಸೇತುವೆ ಕಂಡು ಬೆರಗಾದ. ನಡುವೆ ನಿಂತು ಕೈ ಎತ್ತಿ, "ನೋಡ್ರಿ, ಹೇಳಿದ್ದೆ, ಮಾಡೇನಿ!" ಎಂದ. ಅವನ ಕಾಲ ಕೆಳಗೆ ಏನಿದೆಯೆಂದು ಯಾರೂ ಬಾಯಿ ಬಿಡಲಿಲ್ಲ. ಹಾಜರಾಬಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ಪ್ರಬುದ್ಧ ಮೆಲ್ಲಗೆ ಬಳಿಗೆ ಬಂದ. "ಕಾಕಾ, ಇದಕ್ಕ ಉದ್ಘಾಟನಾ ಕಲ್ಲೊಂದು ಬೇಕಾಗೇತ್ರಿ. ಎಷ್ಟು ದೊಡ್ಡದು ಮಾಡೂಣ್ರಿ?"

ಗೌಸಮೊದ್ದೀನ ಆಚೆ ದಂಡೆ ನೋಡಿದ. ದಾನವ್ವ ತನ್ನ ಮನೆಯ ಎತ್ತರದ ಹೊಸ್ತಿಲ ಮುಂದೆ ನಿಂತು, ಬಾಗಿಲ ಚೌಕಟ್ಟು ಹಿಡಿದು, ನೋಯುವ ಕಾಲನ್ನು ಕಷ್ಟಪಟ್ಟು ಮೇಲೆತ್ತುತ್ತಿದ್ದಳು. ಅಲ್ಲಿ ಮೆಟ್ಟಿಲಿರಲಿಲ್ಲ.

"ತಡೀರಿ" ಎಂದು ಕಿಸೆಯಿಂದ ಟೇಪು ತೆಗೆದ. "ಅಳತಿ ತಗೊಂಡ ಬರ್ತೇನಿ."